ಹಳೆ ಕಾರಿನ ಕೂಲಂಟ್ ಸೋರಿಕೆ: ಬಾಟಲಿ ಮದ್ದು, ಥ್ರಾಟಲ್ ಬೈಪಾಸ್, ಹೊಸ ಕ್ಯಾಪ್ – ಯಾವುದಕ್ಕೆ ದುಡ್ಡು ಹಾಕಬಹುದು?

ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆಯ ತೋಟದ ಮನೆಗಳಲ್ಲಿ ಕೆಎಲ್ 14 ನಂಬರಿನ ಹಳೆ ಮಾರುತಿ 800, ಆಮ್ನಿ, ಝೆನ್, ಎಸ್ಟೀಮ್‌ಗಳು ಇನ್ನೂ ದಿನನಿತ್ಯದ ಕೆಲಸಕ್ಕೆ ಓಡುತ್ತಿವೆ. ಹದಿನೈದು ವರ್ಷ ದಾಟಿ ಮರುನೋಂದಣಿ ಮಾಡಿಸಿಕೊಂಡ ಈ ಗಾಡಿಗಳ ತಕರಾರು ಹೆಚ್ಚಾಗಿ ಒಂದೇ: ರೇಡಿಯೇಟರಿನ ನೀರು, ಅಂದರೆ ಎಂಜಿನ್ ತಣಿಸುವ ಕೂಲಂಟ್, ಇಳಿಯುತ್ತದೆ, ಎಲ್ಲಿಗೆ ಹೋಯಿತೆಂದು ಕಾಣುವುದಿಲ್ಲ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಹೇಳಿದರೆ ಮೊದಲು ಕೌಂಟರಿನ ಮೇಲೆ ಬರುವುದು ಲೀಕ್ ಸ್ಟಾಪ್ ಬಾಟಲಿ. ವರ್ಕ್‌ಶಾಪಿನಲ್ಲಿ ಹೇಳಿದರೆ, “ಥ್ರಾಟಲಿಗೆ ಹೋಗುವ ಆ ಸಣ್ಣ ಪೈಪ್ ನಮ್ಮ ಊರಿಗೆ ಬೇಡವೇ ಬೇಡ, ಬೈಪಾಸ್ ಮಾಡುವ” ಎಂಬ ಸಲಹೆ. ಥ್ರಾಟಲೆಂದರೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಬಾಗಿಲು; ಬೈಪಾಸೆಂದರೆ ಅದಕ್ಕೆ ಹೋಗುವ ಬಿಸಿ ಕೂಲಂಟನ್ನು ತಪ್ಪಿಸಿ ನೇರ ವಾಪಸು ಕಳಿಸುವುದು. ಕಾಸರಗೋಡು, ಕುಂಬಳೆ, ಉಪ್ಪಳದ ಪೇಟೆಗಳಲ್ಲಿ ಈ ತೊಂದರೆಗೆ ಸಿಗುವ ಸಾಮಾನು ಮತ್ತು ಕೆಲಸಗಳಲ್ಲಿ ಯಾವುದು ಕೊಟ್ಟ ಹಣಕ್ಕೆ ಬಾಳುತ್ತದೆ, ಯಾವುದು ಮುಂದಿನ ಖರ್ಚಿಗೆ ದಾರಿ ಮಾಡುತ್ತದೆ ಎಂಬುದಷ್ಟೇ ಈ ಬರಹ.

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಪ್ರೆಶರ್ ಟೆಸ್ಟ್ ಮತ್ತು ರೇಡಿಯೇಟರ್ ಕ್ಯಾಪ್, ಇವೆರಡಕ್ಕೆ ಐದಕ್ಕೆ ಐದು. ಲೀಕ್ ಸ್ಟಾಪ್ ಬಾಟಲಿಗೆ ಒಂದು, ಅದೂ ದಾರಿಯಲ್ಲಿ ಸಿಕ್ಕಿಬಿದ್ದವರ ಮುಖ ನೋಡಿ. ಥ್ರಾಟಲ್ ಬೈಪಾಸಿಗೆ ಅಂಕ ಗಾಡಿ ನೋಡಿ ಕೊಡಬೇಕು: ಕೆಲವು ಎಂಜಿನ್ನಿಗೆ ನಾಲ್ಕು, ಕೆಲವಕ್ಕೆ ಸೊನ್ನೆ.

ಬಾಟಲಿಯಿಂದಲೇ ಶುರು ಮಾಡೋಣ. ಪೇಟೆಯಲ್ಲಿ ಸಿಗುವವು ಮುಖ್ಯವಾಗಿ ಎರಡು ಬಗೆ. ಒಂದು ಸೋಡಿಯಂ ಸಿಲಿಕೇಟ್ ದ್ರವ: ಬಿಸಿ ಜಾಗದಲ್ಲಿ ಗಾಳಿ ತಗಲಿದ ಕೂಡಲೇ ಗಾಜಿನಂತೆ ಗಟ್ಟಿಯಾಗುತ್ತದೆ. ಇನ್ನೊಂದು ನಾರು, ಕಾಯಿಸಿಪ್ಪೆಯ ಹುಡಿ ಅಥವಾ ಅಲ್ಯುಮಿನಿಯಂ ಚೂರು ಬೆರೆಸಿದ್ದು: ನೀರು ಹೊರಗೆ ನುಗ್ಗುವಲ್ಲಿ ಈ ಕಣಗಳು ಸಾಲುಗಟ್ಟಿ ಸಿಕ್ಕಿಕೊಂಡು ತೂತು ಕಟ್ಟುತ್ತವೆ. ರೇಡಿಯೇಟರ್ ಕೋರಿನಲ್ಲಿ (ಕೊಳವೆಗಳಿರುವ ನಡುಭಾಗ) ಸೂಜಿಮೊನೆಯಷ್ಟು ತೂತಾಗಿದ್ದರೆ ಎರಡೂ ಕೆಲಸ ಮಾಡುತ್ತವೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹಳೆ ಕಾರಿನ ಸೋರಿಕೆ ಅಲ್ಲಿ ಆಗುವುದೇ ಕಡಿಮೆ. ಹೋಸಿನ ಬಾಯಿಯಲ್ಲಿ ಕ್ಲಿಪ್ಪಿನ ಕೆಳಗೆ ಬಿರುಕು, ಪ್ಲಾಸ್ಟಿಕ್ ಟ್ಯಾಂಕ್ ಮತ್ತು ಅಲ್ಯುಮಿನಿಯಂ ಕೋರ್ ಸೇರುವ ಅಂಚು, ವಾಟರ್ ಪಂಪಿನ ಸೀಲು, ಎಂಜಿನ್ನಿನ ಹಿಂದೆ ಓಡುವ ಉಕ್ಕಿನ ನೀರಿನ ಪೈಪ್, ಬ್ಲಾಕಿನ ತೂತು ಮುಚ್ಚುವ, ತುಕ್ಕು ಹಿಡಿದ ಕೋರ್ ಪ್ಲಗ್ ಎಂಬ ಬಿಲ್ಲೆ – ಸೋರುವುದು ಇಲ್ಲೆಲ್ಲ. ಪಂಪಿನ ಸೀಲು ತಿರುಗುವ ವಸ್ತು, ಅಲ್ಲಿ ಯಾವ ಹುಡಿಯೂ ನಿಲ್ಲುವುದಿಲ್ಲ. ಹೋಸು ಬಿಸಿಗೆ ಉಬ್ಬಿ ತಣಿದಾಗ ಕುಗ್ಗುತ್ತದೆ, ಕಟ್ಟಿದ ಮುಚ್ಚಳ ಮರುದಿನವೇ ಕಿತ್ತು ಬರುತ್ತದೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಹಾಳೆ) ಹೋದ ಎಂಜಿನ್ನಿನಲ್ಲಂತೂ ಒಂದು ಕಡೆ ಸಿಲಿಂಡರಿನೊಳಗೆ ಹತ್ತಾರು ಬಾರ್ ಒತ್ತಡ, ಇನ್ನೊಂದು ಕಡೆ ಒಂದು ಬಾರ್‌ಗಿಂತಲೂ ಕಡಿಮೆ. ನಡುವೆ ಸಿಲಿಕೇಟಿನ ತೆಳು ಪೊರೆ ಎಷ್ಟು ದಿನ ನಿಂತೀತು?

ಹೋಗಲಿ, ಪ್ರಯೋಜನ ಆಗದಿದ್ದರೆ ಹಾಳೂ ಆಗಲಿಕ್ಕಿಲ್ಲ ಎಂದುಕೊಳ್ಳುವಂತಿಲ್ಲ. ಅಲ್ಯುಮಿನಿಯಂ ರೇಡಿಯೇಟರಿನ ಕೊಳವೆಗಳು ಚಪ್ಪಟೆ, ಒಳಗಿನ ದಾರಿ ಕೆಲವೇ ಮಿಲಿಮೀಟರ್ ಅಗಲ. ಥ್ರಾಟಲ್ ಬಾಡಿಗೆ ಹೋಗುವ ಹೋಸಿನ ಒಳ ವ್ಯಾಸ ಸಾಮಾನ್ಯವಾಗಿ 6ರಿಂದ 8 ಮಿಲಿಮೀಟರ್, ಥ್ರಾಟಲ್ ಒಳಗಿನ ದಾರಿ ಅದಕ್ಕಿಂತಲೂ ಕಿರಿದು. ಹರಿವು ನಿಧಾನವಾಗಿರುವ ಇಂಥ ಕಡೆಯೇ ಹುಡಿ ಮೊದಲು ಕೂರುತ್ತದೆ. ರೇಡಿಯೇಟರ್ ಕ್ಯಾಪಿನ ವಾಲ್ವಿನಡಿ ಒಂದು ಕಣ ಸಿಕ್ಕಿಕೊಂಡರೂ ಸಾಕು, ಕ್ಯಾಪ್ ಒತ್ತಡ ಹಿಡಿಯುವುದಿಲ್ಲ. ಒಳಗೆ ಮೊದಲೇ ತುಕ್ಕಿನ ಕೆಸರಿದ್ದರೆ ಬಾಟಲಿಯ ಮದ್ದು ಅದರೊಟ್ಟಿಗೆ ಸೇರಿ ಹೆಪ್ಪುಗಟ್ಟುತ್ತದೆ. ಪ್ರಮಾಣದ ಎಡವಟ್ಟು ಬೇರೆ. ಬಾಟಲಿಯ ಹಿಂದೆ ಎಷ್ಟು ಲೀಟರಿನ ವ್ಯವಸ್ಥೆಗೆ ಎಂದು ಬರೆದಿರುತ್ತದೆ. ದೊಡ್ಡ ಎಂಜಿನ್ನಿಗೆ ಅಳೆದಿಟ್ಟ ಬಾಟಲಿಯನ್ನು ನಾಲ್ಕು ಲೀಟರೂ ಹಿಡಿಯದ ಪುಟ್ಟ ಕಾರಿಗೆ ಪೂರ್ತಿ ಸುರಿದರೆ ಎರಡು ಪಟ್ಟು ಡೋಸ್ ಆಯಿತು.

ಪಾಣತ್ತೂರಿನ ಘಾಟಿಯಂಥ ಕಡೆ ಸೋರಲು ಶುರುವಾಗಿ ಬೇರೆ ಗತಿಯೇ ಇಲ್ಲ ಎಂದಾದರೆ ಅರ್ಧ ಬಾಟಲಿ ಹಾಕಿ, ಕಾರಿನಲ್ಲಿ ಹೀಟರ್ ಇದ್ದರೆ ಅದರ ನಾಬನ್ನು ತಣ್ಣಗಿನ ಕಡೆ ಮುಚ್ಚಿ, ಕಾಞಂಗಾಡಿಗೋ ಸುಳ್ಯಕ್ಕೋ ತಲುಪಿ. (ನೀರಿನ ಹರಿವನ್ನೇ ತಡೆಯುವ ಹೀಟರ್ ವಾಲ್ವ್ ಇರುವ ಗಾಡಿಯಲ್ಲಿ ಮಾತ್ರ ಇದರಿಂದ ಹೀಟರಿನೊಳಗಿನ ಪುಟ್ಟ ರೇಡಿಯೇಟರಾದ ಹೀಟರ್ ಕೋರ್ ಉಳಿಯುತ್ತದೆ.) ಒಂದೆರಡು ದಿನದೊಳಗೆ ಪೂರ್ತಿ ಖಾಲಿ ಮಾಡಿ ತೊಳೆಸಲೇಬೇಕು. ಹಳೆ ಜೀಪು ಚಾಲಕರ ಅರಿಶಿನ ಹುಡಿಯ ಉಪಾಯವೂ ಇದೇ ಜಾತಿಯದು: ಹುಡಿ ನೆನೆದು ಉಬ್ಬಿ ಸಣ್ಣ ತೂತು ಕಟ್ಟುತ್ತದೆ. ಹಿತ್ತಾಳೆ–ತಾಮ್ರದ ದಪ್ಪ ಕೊಳವೆಯ ರೇಡಿಯೇಟರಿಗೆ ಅದು ಹೇಗೋ ನಡೆಯಿತು. ಈಗಿನ ಸಪುರ ಕೊಳವೆಗೆ ಬೇಡ.

ಇನ್ನು ಪ್ರೆಶರ್ ಟೆಸ್ಟ್. ಇದು ಮಾಡುವ ವರ್ಕ್‌ಶಾಪ್ ಹುಡುಕುವುದೇ ಅರ್ಧ ಕೆಲಸ. ಕೈಪಂಪು, ಮೀಟರ್, ಬೇರೆ ಬೇರೆ ಬಾಯಿಯ ಅಡಾಪ್ಟರ್‌ಗಳಿರುವ ಪೆಟ್ಟಿಗೆ ಇದೆಯೇ ಎಂದು ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ಅದಿಲ್ಲದೆ ಕೆಳಗೆ ಬಗ್ಗಿ ಟಾರ್ಚ್ ಬಿಟ್ಟು ನೋಡುವುದು ಟೆಸ್ಟ್ ಅಲ್ಲ. ಸರಿಯಾಗಿ ಮಾಡುವ ಕ್ರಮ ಹೀಗೆ. ಎಂಜಿನ್ ಪೂರ್ತಿ ತಣಿದಿರಬೇಕು, ಮೇಲಿನ ಹೋಸನ್ನು ಅಂಗೈಯಲ್ಲಿ ಹಿಡಿದರೆ ಬೆಚ್ಚಗೂ ಇರಬಾರದು. ಕ್ಯಾಪ್ ತೆಗೆದು ಕುತ್ತಿಗೆಯವರೆಗೆ ನೀರು ತುಂಬಿಸಿ ಪಂಪ್ ಕೂರಿಸಬೇಕು. ಒತ್ತಡ ಕ್ಯಾಪಿನ ಮೇಲೆ ಅಚ್ಚಾದಷ್ಟೇ. ಹಳೆ ಜಪಾನೀ ಮಾದರಿಯ ಕಾರುಗಳಲ್ಲಿ ಹೆಚ್ಚಾಗಿ 0.9, ಅಂದರೆ 0.9 ಬಾರ್, ಸುಮಾರು 13 ಪಿಎಸ್‌ಐ. ಜೋರಾಗಿ 1.5ಕ್ಕೆ ಏರಿಸಿ “ಈಗ ಕಾಣಲಿ” ಎನ್ನುವವರಿದ್ದಾರೆ. ಹಾಗೆ ಮಾಡಿದರೆ ಸರಿಯಿದ್ದ ಪ್ಲಾಸ್ಟಿಕ್ ಟ್ಯಾಂಕೂ ಬಾಯಿಬಿಡುತ್ತದೆ. ಹತ್ತು ಹದಿನೈದು ನಿಮಿಷ ಮುಳ್ಳು ಕದಲದೆ ನಿಲ್ಲಬೇಕು.

ಮುಳ್ಳು ಇಳಿದು ಹೊರಗೆ ಹನಿ ಕಂಡರೆ ಸುಲಭ. ಇಳಿದರೂ ಎಲ್ಲೂ ಒದ್ದೆಯಿಲ್ಲ ಎಂದಾದಾಗಲೇ ಬುದ್ಧಿ ಓಡಿಸಬೇಕಾದದ್ದು. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ನೋಡಿದರೆ ಒಂದು ಮಾತ್ರ ಆವಿಯಲ್ಲಿ ತೊಳೆದಂತೆ ಸ್ವಚ್ಛವಾಗಿದೆಯೇ? ಆಯಿಲ್ ಮುಚ್ಚಳದ ಒಳಗೆ ಕೆನೆ ಬಣ್ಣದ ನೊರೆ ಇದೆಯೇ? ಮಳೆಗಾಲದಲ್ಲಿ ಪೇಟೆಯೊಳಗೆ ಮಾತ್ರ ಓಡುವ ಕಾರಿನ ಮುಚ್ಚಳದಲ್ಲಿ ತೇವಾಂಶದಿಂದಲೂ ಸ್ವಲ್ಪ ನೊರೆ ಕಟ್ಟುವುದುಂಟು, ಆದ್ದರಿಂದ ಡಿಪ್ ಸ್ಟಿಕ್ ಕೂಡ ನೋಡಿ. ಒಳಗಿನ ಗಾಜಿಗೆ ಜಿಡ್ಡು ಮಂಜು ಹಿಡಿದು ಸಿಹಿ ವಾಸನೆ ಬರುತ್ತಿದ್ದರೆ ಹೀಟರ್ ಕೋರ್. ಎಂಜಿನ್ ಚಾಲೂ ಮಾಡಿದಾಗ ರೇಡಿಯೇಟರ್ ಬಾಯಿಯಲ್ಲಿ ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ ಕಂಬಶ್ಚನ್ ಲೀಕ್ ಟೆಸ್ಟ್ ಮಾಡಿಸಿ: ನೀಲಿ ದ್ರವದ ಮೂಲಕ ಆ ಆವಿ ಎಳೆದಾಗ ಬಣ್ಣ ಹಳದಿಗೆ ತಿರುಗಿದರೆ ಹೆಡ್ ಇಳಿಸದೆ ದಾರಿಯಿಲ್ಲ. ಮತ್ತೊಂದು: ನಮ್ಮ ಕರಾವಳಿಯ ಸೆಕೆಗೆ ಎಸಿ ಹಾಕಿದ ಕಾರಿನಡಿ ಲೋಟಗಟ್ಟಲೆ ನೀರು ಬೀಳುತ್ತದೆ. ಅದು ಬಣ್ಣವಿಲ್ಲದ್ದು, ಬೆರಳಿಗೆ ಜಾರುವುದಿಲ್ಲ. ಅದನ್ನು ಕೂಲಂಟ್ ಎಂದು ಭಾವಿಸಿ ರೇಡಿಯೇಟರ್ ಬದಲಿಸಿದವರೂ ಇದ್ದಾರೆ ಮಾರಾಯ್ರೆ.

ಕ್ಯಾಪ್ ಅತಿ ಅಗ್ಗದ ಭಾಗ, ಅತಿ ಹೆಚ್ಚು ನಿರ್ಲಕ್ಷ್ಯಕ್ಕೆ ಗುರಿಯಾದದ್ದೂ ಅದೇ. ಅದರಲ್ಲಿ ಎರಡು ವಾಲ್ವ್ ಇವೆ. ದೊಡ್ಡದು ಒತ್ತಡ ಮಿತಿ ಮೀರಿದಾಗ ತೆರೆದು ನೀರನ್ನು ರಿಸರ್ವ್ ಬಾಟಲಿಗೆ ಬಿಡುತ್ತದೆ. ನಡುವಿನ ಚಿಕ್ಕದು ಎಂಜಿನ್ ತಣಿದು ಒಳಗೆ ಎಳೆತ ಉಂಟಾದಾಗ ಅದೇ ನೀರನ್ನು ವಾಪಸು ತರುತ್ತದೆ. ಚಿಕ್ಕದು ಕಚ್ಚಿಕೊಂಡರೆ ಬೆಳಿಗ್ಗೆ ಮೇಲಿನ ಹೋಸು ಚಪ್ಪಟೆಯಾಗಿರುತ್ತದೆ. ದೊಡ್ಡದರ ರಬ್ಬರ್ ಒಣಗಿದರೆ ಒತ್ತಡ ನಿಲ್ಲುವುದಿಲ್ಲ, ಕುದಿಯುವ ಬಿಂದು ಕೆಳಗಿಳಿಯುತ್ತದೆ: 0.9 ಬಾರ್ ಹಿಡಿದಾಗ ಬರೀ ನೀರು ಕುದಿಯುವುದು ಸುಮಾರು 118 ಡಿಗ್ರಿಗೆ, ಒತ್ತಡ ಹೋದರೆ 100ಕ್ಕೇ. ಹೆದ್ದಾರಿ 66ರ ದಟ್ಟಣೆಯಲ್ಲಿ ಗಾಡಿ ನಿಂತು ನಿಂತು ಹೋಗುವಾಗ, ಮೀಟರ್ ಮುಳ್ಳು ಕೆಂಪು ಮುಟ್ಟುವ ಮೊದಲೇ ಉಕ್ಕುವ ಕಾರುಗಳಲ್ಲಿ ಎಷ್ಟೋ ಬಾರಿ ತಪ್ಪು ಕ್ಯಾಪಿನದ್ದೇ.

ರಿಸರ್ವ್ ಬಾಟಲಿಯಲ್ಲಿ ನೀರು ತುಂಬಿದೆ, ಆದ್ದರಿಂದ ರೇಡಿಯೇಟರೂ ತುಂಬಿದೆ ಎಂಬ ನಂಬಿಕೆ ಇನ್ನೊಂದು ಗಂಡಾಂತರ. ಕ್ಯಾಪಿನಿಂದ ಬಾಟಲಿಗೆ ಹೋಗುವ ತೆಳು ಕೊಳವೆ ಒಂದು ಕಡೆ ಬಿರಿದಿದ್ದರೆ ಎಂಜಿನ್ ನೀರಿನ ಬದಲು ಗಾಳಿ ಎಳೆದುಕೊಳ್ಳುತ್ತದೆ. ಬಾಟಲಿ ಹಾಗೇ ತುಂಬಿರುತ್ತದೆ, ರೇಡಿಯೇಟರ್ ಖಾಲಿಯಾಗುತ್ತಾ ಹೋಗುತ್ತದೆ. ವಾರಕ್ಕೊಮ್ಮೆ ಎಂಜಿನ್ ತಣ್ಣಗಿದ್ದಾಗ ಕ್ಯಾಪ್ ತೆಗೆದೇ ನೋಡಬೇಕು. ಕ್ಯಾಪ್ ಕೊಳ್ಳುವಾಗ ಒತ್ತಡದ ಅಂಕೆ ಒಂದೇ ಇದ್ದರೆ ಸಾಲದು. ಕುತ್ತಿಗೆಯ ಆಳವೂ ಹೊಂದಬೇಕು. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಅಕ್ಕಪಕ್ಕ ಇಟ್ಟು ಸ್ಪ್ರಿಂಗಿನ ಉದ್ದ ನೋಡಿ ಕೊಳ್ಳಿ. “1.1 ಹಾಕಿದರೆ ಇನ್ನೂ ಒಳ್ಳೆದು” ಎನ್ನುವ ಸಲಹೆಗೆ ಕಿವಿಗೊಡಬೇಡಿ, ಹಳೆ ಹೋಸುಗಳಿಗೆ ಅದು ಶಿಕ್ಷೆ.

ಈಗ ಥ್ರಾಟಲ್ ವಿಷಯ. ಇಲ್ಲಿ ವರ್ಕ್‌ಶಾಪಿನವರೂ ಇಂಟರ್ನೆಟ್ಟಿನವರೂ ಅರ್ಧ ಸತ್ಯ ಹೇಳುತ್ತಾರೆ.

ಥ್ರಾಟಲ್ ಬಾಡಿಯ ಕೆಳಗೆ ಬಿಸಿ ಕೂಲಂಟ್ ಹರಿಸುವುದು ಚಳಿದೇಶದ ಅಗತ್ಯ. ಅರ್ಧ ತೆರೆದ ಥ್ರಾಟಲ್ ತಟ್ಟೆಯ ಹಿಂದೆ ಗಾಳಿಯ ಒತ್ತಡ ಕುಸಿದು ತಣಿಯುತ್ತದೆ. ಹೊರಗೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಅಲ್ಲಿ ಮಂಜುಗಡ್ಡೆ ಕಟ್ಟಿ ತಟ್ಟೆ ಸಿಕ್ಕಿಕೊಳ್ಳಬಹುದು. ಇಂಜೆಕ್ಷನ್ ಎಂಜಿನ್ನಿನಲ್ಲಿ ಆ ಜಾಗದಲ್ಲಿ ಬರೀ ಗಾಳಿ, ಪೆಟ್ರೋಲ್ ಬೆರೆಯುವುದು ಮುಂದೆ. ಹಾಗಾಗಿ ಕಾಸರಗೋಡಿನ ಹವೆಗೆ ಗಡ್ಡೆಯ ಭಯವಿಲ್ಲ. ಡಿಸೆಂಬರಿನ ಮುಂಜಾವಿನಲ್ಲಿ ಊಟಿಗೆ ಹತ್ತುವವರಿಗೆ ಬೇಕಾದೀತೇನೋ. ಇಷ್ಟು ಸತ್ಯ.

ಬಿಟ್ಟ ಅರ್ಧ ಏನೆಂದರೆ, ಹಲವು ಹಳೆ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಅದೇ ಬಿಸಿ ನೀರು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಥ್ರಾಟಲಿನ ಬದಿಯಲ್ಲಿ ಮೇಣ ತುಂಬಿದ ಒಂದು ವಾಲ್ವ್ ಇರುತ್ತದೆ. ಎಂಜಿನ್ ತಣ್ಣಗಿರುವಾಗ ಅದು ತೆರೆದಿದ್ದು ಹೆಚ್ಚು ಗಾಳಿ ಬಿಡುತ್ತದೆ, ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಿರುವಾಗ ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಏರಿರುತ್ತದೆ. ಕೂಲಂಟ್ ಬಿಸಿಯಾದಂತೆ ಮೇಣ ಕರಗಿ ಹಿಗ್ಗಿ ದಾರಿ ಮುಚ್ಚುತ್ತದೆ, ಐಡ್ಲಿಂಗ್ ಇಳಿದು ಎಂಟುನೂರು, ಒಂಬೈನೂರಕ್ಕೆ ನಿಲ್ಲುತ್ತದೆ. ಇಂಥ ಎಂಜಿನ್ನಿಗೆ ಬೈಪಾಸ್ ಮಾಡಿದರೆ ಮೇಣಕ್ಕೆ ಬಿಸಿ ತಲುಪುವುದಿಲ್ಲ. ಎಂಜಿನ್ ಬಿಸಿಯಾದ ಮೇಲೂ ಐಡ್ಲಿಂಗ್ ಸಾವಿರದೈನೂರರ ಆಚೆ ಕೂತಿರುತ್ತದೆ, ಪೆಟ್ರೋಲ್ ಸುಮ್ಮನೆ ಉರಿಯುತ್ತದೆ, ಇಳಿಜಾರಿನಲ್ಲಿ ಕಾಲು ತೆಗೆದರೂ ಗಾಡಿ ಮುಂದಕ್ಕೆ ಎಳೆಯುತ್ತದೆ. ಅದನ್ನು ಇಳಿಸಲು ಮೆಕ್ಯಾನಿಕ್ ಐಡಲ್ ಸ್ಕ್ರೂ ತಿರುಗಿಸುತ್ತಾನೆ. ಮರುದಿನ ಬೆಳಿಗ್ಗೆ ತಣ್ಣಗಿನ ಎಂಜಿನ್ ಚಾಲೂ ಆದರೂ ಆರಿಹೋಗುತ್ತದೆ. ಒಂದು ಹೋಸಿನ ಖರ್ಚು ಉಳಿಸಲು ಹೋಗಿ ಸುಳಿಯಲ್ಲಿ ಸಿಕ್ಕಿಕೊಂಡಂತೆ.

ಇದರ ಉಲ್ಟಾ ಲಕ್ಷಣವನ್ನೂ ತಿಳಿದಿರಬೇಕು. ಏನನ್ನೂ ಮುಟ್ಟದಿರುವಾಗ, ಬಿಸಿಯಾದ ಮೇಲೂ ಐಡ್ಲಿಂಗ್ ಏರಿಳಿಯುತ್ತಿದ್ದರೆ ಅಥವಾ ಇಳಿಯದೇ ಇದ್ದರೆ ಮೊದಲು ಕೂಲಂಟ್ ಮಟ್ಟ ನೋಡಿ. ಥ್ರಾಟಲ್ ಬಾಡಿ ಎಂಜಿನ್ನಿನ ಎತ್ತರದ ಜಾಗದಲ್ಲಿದೆ. ನೀರು ಕಡಿಮೆಯಾದಾಗ ಗಾಳಿ ಸೇರಿಕೊಳ್ಳುವುದು ಅಲ್ಲೇ. ಮೇಣಕ್ಕೆ ಬಿಸಿ ಸಿಗದೆ ಐಡ್ಲಿಂಗ್ ತಪ್ಪುತ್ತದೆ. ಸೆನ್ಸರ್ ಬದಲಿಸುವ ಮುಂಚೆ ಥ್ರಾಟಲಿಗೆ ಹೋಗುವ ಎರಡು ಹೋಸುಗಳನ್ನೂ ಮುಟ್ಟಿ ನೋಡಿದರೆ ಸಾಕು: ಎಂಜಿನ್ ಬಿಸಿ, ಇವು ತಣ್ಣಗೆ ಎಂದಾದರೆ ಒಳಗೆ ಗಾಳಿ ಇದೆ ಅಥವಾ ದಾರಿ ಕಟ್ಟಿದೆ. ಲೀಕ್ ಸ್ಟಾಪ್ ಹಾಕಿದ ಗಾಡಿಯಾಗಿದ್ದರೆ ಎರಡನೆಯದೇ ಇರಬಹುದು.

ಕೆಲವು ಥ್ರಾಟಲ್ ಬಾಡಿಗಳಲ್ಲಿ ಕೂಲಂಟ್ ದಾರಿಗೂ ಗಾಳಿಯ ದಾರಿಗೂ ನಡುವೆ ಇರುವುದು ಒಂದು ರಬ್ಬರ್ ರಿಂಗ್ ಅಥವಾ ತೆಳು ಗ್ಯಾಸ್ಕೆಟ್ ಮಾತ್ರ. ಅದು ಒಣಗಿದರೆ ಎಂಜಿನ್ ಕೂಲಂಟನ್ನು ಒಳಗೇ ಎಳೆದು ಸುಡುತ್ತದೆ. ಹೊರಗೆ ಒಂದು ಹನಿಯಿಲ್ಲ, ಬೆಳಿಗ್ಗೆ ಬಿಳಿ ಹೊಗೆ. ಇದನ್ನು ಹೆಡ್ ಗ್ಯಾಸ್ಕೆಟ್ ಎಂದು ತೀರ್ಮಾನಿಸಿ ಹೆಡ್ ಇಳಿಸಿ ಫೇಸಿಂಗ್ (ಅದರ ಮೈ ಸಮತಟ್ಟು ಮಾಡುವ ಕೆಲಸ) ಮಾಡಿಸಿದರೆ ಸಾವಿರಗಟ್ಟಲೆ ದಂಡ. ಎರಡೂ ಹೋಸನ್ನು ಥ್ರಾಟಲಿನಿಂದ ಬಿಡಿಸಿ ತಾತ್ಕಾಲಿಕವಾಗಿ ಒಂದಕ್ಕೊಂದು ಜೋಡಿಸಿ ಎರಡು ದಿನ ಓಡಿಸಿ ನೋಡಿ. ನೀರು ಇಳಿಯುವುದು ನಿಂತರೆ ತಪ್ಪು ಥ್ರಾಟಲಿನದ್ದೇ. ಬೈಪಾಸಿನಿಂದ ಆಗುವ ಅತಿ ದೊಡ್ಡ ಉಪಕಾರ ನನ್ನ ಪ್ರಕಾರ ಈ ಪರೀಕ್ಷೆಯೇ.

ಕಾರ್ಬ್ಯುರೇಟರ್ ಗಾಡಿಗೆ ಲೆಕ್ಕ ಬೇರೆ. ಅಲ್ಲಿ ಪೆಟ್ರೋಲ್ ಆವಿಯಾಗುವಾಗ ಮಿಶ್ರಣ ಬಹಳ ತಣಿಯುತ್ತದೆ, ಇಪ್ಪತ್ತು ಡಿಗ್ರಿಗಿಂತಲೂ ಹೆಚ್ಚು ಇಳಿಯಬಹುದು. ಜುಲೈಯ ಜಡಿಮಳೆಯಲ್ಲಿ ಗಾಳಿಯ ತೇವ ಅಷ್ಟಿರುವಾಗ ಕರಾವಳಿಯಲ್ಲೂ ಕಾರ್ಬ್ಯುರೇಟರಿನೊಳಗೆ ಮಂಜು ಹಿಡಿಯಲು ಸಾಧ್ಯ. ಅದಕ್ಕಿಂತ ಮುಖ್ಯವಾಗಿ, ಇನ್‌ಟೇಕ್ ಮ್ಯಾನಿಫೋಲ್ಡ್ (ಮಿಶ್ರಣವನ್ನು ಸಿಲಿಂಡರಿಗೆ ಒಯ್ಯುವ ಕೊಳವೆ) ಬಿಸಿಯಿಲ್ಲದಿದ್ದರೆ ಪೆಟ್ರೋಲ್ ಸರಿಯಾಗಿ ಆವಿಯಾಗದೆ ಗೋಡೆಗೆ ಅಂಟುತ್ತದೆ. ಗಾಡಿ ತಡವರಿಸುತ್ತದೆ, ಮೈಲೇಜ್ ಬೀಳುತ್ತದೆ. ಕಾರ್ಬ್ಯುರೇಟರಿನ ಹಳೆ 800 ಅಥವಾ ಆಮ್ನಿಯಲ್ಲಿ ನೀರಿನ ಒಂದು ಪೈಪನ್ನೂ ಬೈಪಾಸ್ ಮಾಡಿಸಬೇಡಿ.

ಬೈಪಾಸ್ ಮಾಡಿದರೆ ತಣ್ಣನೆಯ ಗಾಳಿ ಹೋಗಿ ಪವರ್ ಏರುತ್ತದೆ ಎಂಬುದನ್ನು ನಂಬಬೇಡಿ. ಗಾಳಿ ಥ್ರಾಟಲ್ ದಾಟುವುದು ಕಣ್ಣು ಮಿಟುಕಿಸುವಷ್ಟರಲ್ಲಿ, ಆ ಹೊತ್ತಿನಲ್ಲಿ ಅದು ಹೀರುವ ಬಿಸಿ ಲೆಕ್ಕಕ್ಕಿಲ್ಲ. ಅಲ್ಲದೆ ಬಿಸಿ ಎಂಜಿನ್ನಿಗೆ ಬಿಗಿದ ಅಲ್ಯುಮಿನಿಯಂ ತುಂಡು ಕೂಲಂಟ್ ಇಲ್ಲದೆಯೂ ಬಿಸಿಯಾಗಿಯೇ ಇರುತ್ತದೆ.

ಹಾಗಾದರೆ ಯಾರಿಗೆ ನಾಲ್ಕು ಅಂಕ? ಮೇಣದ ವಾಲ್ವ್ ಇಲ್ಲದೆ ಐಡ್ಲಿಂಗನ್ನು ಕಂಪ್ಯೂಟರೇ ಮೋಟಾರಿನಿಂದ ನಿಯಂತ್ರಿಸುವ ಇಂಜೆಕ್ಷನ್ ಎಂಜಿನ್ನಿಗೆ, ಅದೂ ಥ್ರಾಟಲಿನ ನೀರಿನ ನಿಪ್ಪಲ್ (ಹೋಸ್ ಸಿಕ್ಕಿಸುವ ಮೂತಿ) ತುಕ್ಕು ತಿಂದು ಹೋಗಿದ್ದು ಹೊಸ ಥ್ರಾಟಲ್ ಬಾಡಿ ಸಿಗದಿದ್ದರೆ. ಆಗಲೂ ಎರಡು ಹೋಸಿಗೆ ಬೋಲ್ಟ್ ತುರುಕಿ ಮುಚ್ಚಬಾರದು. ಕೆಲವು ಎಂಜಿನ್ನುಗಳಲ್ಲಿ ಈ ಸಣ್ಣ ದಾರಿಯೇ ಗಾಳಿ ಹೊರಗೆ ಹೋಗುವ ದಾರಿ, ಹರಿವು ನಿಲ್ಲಿಸಬಾರದು. ಬರುವ ನಿಪ್ಪಲಿನಿಂದ ಹಿಂದಿರುಗುವ ನಿಪ್ಪಲಿಗೆ ಒಂದೇ ತುಂಡು ಹೋಸ್ ಹಾಕುವುದು ಉತ್ತಮ, ಎರಡು ಜಾಯಿಂಟ್ ಕಡಿಮೆಯಾಯಿತು. ಜಾಯಿಂಟ್ ಹಾಕಲೇಬೇಕಾದರೆ ಅಂಚಿನಲ್ಲಿ ಏಣು ಇರುವ ಹಿತ್ತಾಳೆಯ ಜಾಯಿನರ್. ನುಣುಪಾದ ಪೈಪಿನ ತುಂಡು ಒತ್ತಡಕ್ಕೆ ಜಾರಿ ಹೊರಗೆ ಬರುತ್ತದೆ, ಪ್ಲಾಸ್ಟಿಕ್ ಜಾಯಿನರ್ ಬಿಸಿಗೆ ಮೆತ್ತಗಾಗುತ್ತದೆ. ಹೋಸ್ ಎಲ್ಲೂ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ತಾಗಬಾರದು, ಮಡಚಬಾರದು. ಮುಗಿದ ಮೇಲೆ ಮತ್ತೆ ಪ್ರೆಶರ್ ಟೆಸ್ಟ್.

ಹೋಸ್ ಕೊಳ್ಳುವಲ್ಲಿ ಬಹಳ ಮಂದಿ ಎಡವುವುದು ಪೆಟ್ರೋಲ್ ಪೈಪನ್ನು ನೀರಿಗೆ ಹಾಕುವುದರಲ್ಲಿ. 8 ಮಿಲಿಮೀಟರಿನ ಪೆಟ್ರೋಲ್ ಪೈಪ್ ಯಾವ ಅಂಗಡಿಯಲ್ಲೂ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಅಳತೆಯೂ ಸರಿಹೊಂದುತ್ತದೆ, ಆದರೆ ಅದರ ನೈಟ್ರೈಲ್ ರಬ್ಬರ್ ಬಿಸಿ ಕೂಲಂಟಿಗೆ ಬೇಗ ಗಟ್ಟಿಯಾಗಿ ಬಿರಿಯುತ್ತದೆ. ನೀರಿಗೆ ಇಪಿಡಿಎಂ ರಬ್ಬರಿನ ಹೀಟರ್ ಹೋಸ್ ಕೇಳಿ, ಒಳಗೆ ನೂಲಿನ ಪದರ ಕಾಣಬೇಕು. ಇಪಿಡಿಎಂ ಎಣ್ಣೆಗೆ ಉಬ್ಬುತ್ತದೆ, ಆದ್ದರಿಂದ ಆಯಿಲ್ ಸೋರುವ ಎಂಜಿನ್ನಿನಲ್ಲಿ ಆಯಿಲ್ ನಿಲ್ಲಿಸದೆ ಹೊಸ ಹೋಸ್ ಹಾಕಿ ಫಲವಿಲ್ಲ. ಮೇಲಿನ–ಕೆಳಗಿನ ದೊಡ್ಡ ಹೋಸುಗಳನ್ನು ಕತ್ತರಿಸಿ ಬಗ್ಗಿಸಿ ಹಾಕಿಸಬೇಡಿ. ಬಾಗಿದ ಕಡೆ ಮಡಚಿ ಹರಿವು ಕಟ್ಟುತ್ತದೆ. ಅಚ್ಚಿನ ಹೋಸು ಕಾಸರಗೋಡಿನಲ್ಲಿ ಸಿಗದಿದ್ದರೆ ಮಂಗಳೂರಿನಿಂದ ತರಿಸಿಕೊಳ್ಳಿ, ಒಂದು ದಿನ ತಡವಾದರೂ ಅಡ್ಡಿಯಿಲ್ಲ. ಕ್ಲಿಪ್ಪನ್ನು ನಿಪ್ಪಲಿನ ಏಣಿನ ಹಿಂದೆ ಕೂರಿಸಿ, ರಬ್ಬರ್ ಕ್ಲಿಪ್ಪಿನ ಸಂದಿನಿಂದ ಹೊರಗೆ ಉಬ್ಬುವಷ್ಟು ಬಿಗಿಯಬೇಡಿ. ಪ್ಲಾಸ್ಟಿಕ್ ಟ್ಯಾಂಕಿನ ಬಾಯಿ ಅದಕ್ಕೇ ಒಡೆಯುವುದು.

ರೇಡಿಯೇಟರ್ ಕೆಲಸ ಮಾಡುವ ಅಂಗಡಿಗಳ ಬಗ್ಗೆ ಒಂದೆರಡು ಮಾತು. ಹಿತ್ತಾಳೆ ಟ್ಯಾಂಕಿನ ಹಳೆ ರೇಡಿಯೇಟರಾದರೆ ಟ್ಯಾಂಕ್ ಬಿಚ್ಚಿ, ಕೊಳವೆಗಳಿಗೆ ಸರಳು ಹಾಯಿಸಿ ಕೆಸರು ತೆಗೆದು, ಮತ್ತೆ ಬೆಸುಗೆ ಹಾಕುವ ಕೈಕೆಲಸ ಇನ್ನೂ ಕೆಲವರಲ್ಲಿದೆ. ಇದು ನಿಜಕ್ಕೂ ಬೆಲೆಬಾಳುವ ಸೇವೆ, ಹುಡುಕಿಕೊಂಡು ಹೋಗಬಹುದು. ಕೆಲಸ ಮುಗಿದ ಮೇಲೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ತುಂಬಿಸಿ ಗುಳ್ಳೆ ಬರುತ್ತದೆಯೇ ಎಂದು ನಿಮ್ಮೆದುರೇ ತೋರಿಸಲು ಹೇಳಿ. ಪ್ಲಾಸ್ಟಿಕ್–ಅಲ್ಯುಮಿನಿಯಂ ರೇಡಿಯೇಟರಿಗೆ ಅಂಟು ಬಳಿಸುವುದು ದಂಡ. ಅಂಚಿನ ಗ್ಯಾಸ್ಕೆಟ್ ಮಾತ್ರ ಹೋಗಿದ್ದರೆ ಹೊಸ ಗ್ಯಾಸ್ಕೆಟ್ ಹಾಕಿ ಅಂಚು ಮಡಚಿಸಬಹುದು. ಪ್ಲಾಸ್ಟಿಕ್ ಸೀಳಿದ್ದರೆ ಹೊಸದೇ ಸೈ. ಆಸಿಡ್ ಹಾಕಿ ತೊಳೆಯುತ್ತೇನೆಂದರೆ ಎದ್ದು ಬನ್ನಿ. ಅಲ್ಯುಮಿನಿಯಮ್ಮನ್ನೂ ಬೆಸುಗೆಯನ್ನೂ ಅದು ತಿನ್ನುತ್ತದೆ.

ಕೊನೆಗೆ ಒಳಗೆ ತುಂಬುವ ದ್ರವ. ಕಾಸರಗೋಡಿನವರಿಗೆ ಉಪ್ಪುನೀರಿನ ಬಗ್ಗೆ ವಿವರಿಸಬೇಕಿಲ್ಲ. ಬೇಸಗೆಯಲ್ಲಿ ಚಂದ್ರಗಿರಿ ಹೊಳೆಯಲ್ಲಿ ಸಮುದ್ರದ ನೀರು ಮೇಲೇರಿ ಬಾವಿಕ್ಕರೆಯಿಂದ ಪೇಟೆಯ ನಳ್ಳಿಗೆ ಉಪ್ಪು ಬರುತ್ತಿದ್ದ ವರ್ಷಗಳು ಎಲ್ಲರಿಗೂ ನೆನಪಿವೆ. ನೀರಿನ ಕ್ಲೋರೈಡ್ ಅಲ್ಯುಮಿನಿಯಮ್ಮನ್ನು ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತದೆ. ಮುರಕಲ್ಲಿನ ನೆಲದ ಬಾವಿನೀರು ಬಾಯಿಗೆ ಸಿಹಿ, ಆದರೆ ಹೆಚ್ಚಾಗಿ ಸ್ವಲ್ಪ ಆಮ್ಲೀಯ, ಕಬ್ಬಿಣದ ಅಂಶವೂ ಇರುತ್ತದೆ. ಎರಡೂ ಬೇಡ. ಪೆಟ್ರೋಲ್ ಬಂಕುಗಳಲ್ಲೂ ಬ್ಯಾಟರಿ ಅಂಗಡಿಗಳಲ್ಲೂ 5 ಲೀಟರ್ ಕ್ಯಾನಿನಲ್ಲಿ ಸಿಗುವ ಡಿಸ್ಟಿಲ್ಡ್ ನೀರು ತನ್ನಿ (ಬ್ಯಾಟರಿ ಆಸಿಡ್ ಅಲ್ಲ, ಲೇಬಲ್ ಓದಿ).

ಕೂಲಂಟಿನ ಬಣ್ಣಕ್ಕೆ ಅರ್ಥವಿಲ್ಲ, ಹಸಿರು–ಕೆಂಪು ಕಂಪನಿಯವರ ಇಷ್ಟ. ಬಾಟಲಿಯ ಮೇಲೆ ಕೂಲಂಟಿನ ಗುಣಮಟ್ಟದ ಭಾರತೀಯ ಗುರುತು ಐಎಸ್ 5759 ಅಥವಾ ಜಪಾನೀ ಗುರುತು ಜೆಐಎಸ್ ಕೆ 2234 ಇದೆಯೇ ನೋಡಿ. ನೀರು ಬೆರೆಸಬೇಕಾದ ಕಾನ್ಸಂಟ್ರೇಟೋ, ಹಾಗೆಯೇ ಸುರಿಯುವ ರೆಡಿ ಮಿಕ್ಸೋ ಎಂಬುದನ್ನೂ ಓದಿ. ರೆಡಿ ಮಿಕ್ಸಿಗೆ ಮತ್ತೆ ನೀರು ಬೆರೆಸಿದರೆ ತುಕ್ಕುನಿರೋಧಕ ತೆಳುವಾಗುತ್ತದೆ. ನಮಗೆ ಹೆಪ್ಪುಗಟ್ಟುವ ಚಳಿಯಿಲ್ಲ, ಆದ್ದರಿಂದ 1:1 ಬೆರೆಸುವ ಗ್ಲೈಕಾಲ್ ಕಾನ್ಸಂಟ್ರೇಟಾದರೆ ಶೇಕಡಾ 40 ಸಾಕು. ನೀರು ಹೆಚ್ಚಿದ್ದಷ್ಟು ಬಿಸಿ ಹೊರಗೆ ಸಾಗಿಸುವ ಶಕ್ತಿಯೂ ಹೆಚ್ಚು. ಮೂರನೇ ಒಂದಕ್ಕಿಂತ ಕೆಳಗೆ ಇಳಿಸಬೇಡಿ.

ಲೆಕ್ಕ ತಪ್ಪುವುದು ಎಲ್ಲಿ ಗೊತ್ತೇ? ತೊಳೆದು ಖಾಲಿ ಮಾಡಿದರೂ ಬ್ಲಾಕಿನೊಳಗಿನ ನೀರು ಪೂರ್ತಿ ಬರುವುದಿಲ್ಲ. ಒಟ್ಟು 4 ಲೀಟರ್ ಹಿಡಿಯುವ ಗಾಡಿಯಲ್ಲಿ ಡ್ರೇನಿನಿಂದ ಬಂದದ್ದು ಎರಡೂವರೆ ಲೀಟರ್ ಎಂದಿಟ್ಟುಕೊಳ್ಳಿ. ಒಂದೂವರೆ ಲೀಟರ್ ಬರೀ ನೀರು ಒಳಗೇ ಇದೆ. ಈಗ ಬೆರೆಸಿಟ್ಟದ್ದನ್ನು ಸುರಿದರೆ ಮಿಶ್ರಣ ಶೇಕಡಾ 25ಕ್ಕೆ ಇಳಿಯುತ್ತದೆ. ಅದರ ಬದಲು ಮೊದಲು 1.6 ಲೀಟರ್ ಕಾನ್ಸಂಟ್ರೇಟನ್ನೇ ಸುರಿದು, ಉಳಿದ 900 ಮಿಲಿಲೀಟರಿಗೆ ಡಿಸ್ಟಿಲ್ಡ್ ನೀರು ತುಂಬಿಸಿ. ಹೊರಗೆ ಬಂದದ್ದನ್ನು ಅಳೆಯದೆ ತುಂಬಿಸುವ ವರ್ಕ್‌ಶಾಪಿನಲ್ಲಿ ನೀವೇ ಒಂದು ಬಕೆಟ್ ಇಡಿ.

ತುಂಬಿಸುವಾಗ ಮೂತಿ ಮೇಲಾಗುವಂತೆ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿ. ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ. ಥ್ರಾಟಲಿನ ಹೋಸನ್ನು ಮೇಲ್ತುದಿಯಲ್ಲಿ ಸಡಿಲಿಸಿ, ಕೂಲಂಟ್ ಅಲ್ಲಿಂದ ಗುಳ್ಳೆಯಿಲ್ಲದೆ ಬಂದ ಮೇಲೆ ಬಿಗಿಯಿರಿ. ಇದನ್ನು ಎಂಜಿನ್ ಚಾಲೂ ಮಾಡುವ ಮುಂಚೆಯೇ ಮಾಡಿ. ಆಮೇಲೆ ಕ್ಯಾಪ್ ತೆಗೆದಿಟ್ಟು ಐಡ್ಲಿಂಗಿನಲ್ಲಿ ಬಿಡಿ. ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ರೇಡಿಯೇಟರಿನ ದಾರಿ ಬಿಡುವ ವಾಲ್ವ್) ತೆರೆದಾಗ, ಗಾಡಿಗೆ ತಕ್ಕಂತೆ 82 ಅಥವಾ 88 ಡಿಗ್ರಿಯ ಸುಮಾರಿಗೆ, ರೇಡಿಯೇಟರಿನ ಮಟ್ಟ ಒಮ್ಮೆಲೇ ಕುಸಿಯುತ್ತದೆ; ತುಂಬಿಸಿ, ಫ್ಯಾನ್ ಒಂದು ಸಲ ತಿರುಗಿ ನಿಂತ ಮೇಲೆ ಮುಚ್ಚಿ. ಕುದಿಯುವಾಗ ಕ್ಯಾಪಿಗೆ ಕೈ ಹಾಕುವ ಸಾಹಸ ಮಾತ್ರ ಯಾವತ್ತೂ ಬೇಡ.

ಥರ್ಮೋಸ್ಟಾಟ್ ಕಿತ್ತೆಸೆಯುವ ಸೇವೆಗೆ ಅಂಕವೇ ಇಲ್ಲ. ಎಂಜಿನ್ ಬಿಸಿಯಾಗಲು ತಡವಾಗುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸವೆತ ಹೆಚ್ಚುತ್ತದೆ. ಎಂಜಿನ್ನಿನದ್ದೇ ಬೈಪಾಸ್ ದಾರಿಯನ್ನೂ (ರೇಡಿಯೇಟರ್ ತಪ್ಪಿಸಿ ನೀರು ಸುತ್ತುವ ದಾರಿ; ಮೇಲೆ ಹೇಳಿದ ಥ್ರಾಟಲ್ ಬೈಪಾಸ್ ಅಲ್ಲ) ಥರ್ಮೋಸ್ಟಾಟೇ ಮುಚ್ಚುವ ವಿನ್ಯಾಸಗಳಲ್ಲಂತೂ ಅದನ್ನು ತೆಗೆದರೆ ಬಿಸಿನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತಿ ಬಿಸಿ ಇನ್ನಷ್ಟು ಏರುತ್ತದೆ. ಅನುಮಾನವಿದ್ದರೆ ಬಿಚ್ಚಿ ನೀರಿನ ಪಾತ್ರೆಯಲ್ಲಿ ದಾರದಿಂದ ನೇತುಹಾಕಿ ಕಾಯಿಸಿ. ಅಚ್ಚಾದ ಡಿಗ್ರಿಗೆ ಬಾಯಿ ತೆರೆಯಲು ಶುರುವಾಗಿ, ನೀರು ಕುದಿಯುವಷ್ಟರಲ್ಲಿ ಪೂರ್ತಿ ತೆರೆದಿದ್ದರೆ ಅದು ಸರಿಯಿದೆ.

ಸುಮೋ, ಬೊಲೆರೊ, ಹಳೆ ಕಮಾಂಡರ್ ಜೀಪಿನಂಥ ಡೀಸೆಲ್ ಗಾಡಿಯವರು ಥ್ರಾಟಲ್ ಮತ್ತು ಸ್ಪಾರ್ಕ್ ಪ್ಲಗ್ಗಿನ ಮಾತು ಬಿಟ್ಟು ಉಳಿದದ್ದನ್ನು ಹೆಚ್ಚುಕಮ್ಮಿ ಹಾಗೆಯೇ ತೆಗೆದುಕೊಳ್ಳಬಹುದು, ನೀರಿನ ಪ್ರಮಾಣ ಮಾತ್ರ ಹೆಚ್ಚು. ಇಳಿಸಿದ ಹಳೆ ಕೂಲಂಟನ್ನು ಅಂಗಳದಲ್ಲೋ ತೋಟದ ಕಣಿಯಲ್ಲೋ ಚೆಲ್ಲಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷ. ನಾಯಿ, ದನ ನೆಕ್ಕಿದರೆ ಕಿಡ್ನಿ ಕೆಟ್ಟು ಸಾಯುತ್ತವೆ. ಮುಚ್ಚಳವಿರುವ ಕ್ಯಾನಿಗೆ ತುಂಬಿಸಿ, ಮೇಲೆ ವಿಷವೆಂದು ಬರೆದು, ಹಳೆ ಆಯಿಲ್ ಒಟ್ಟುಮಾಡುವ ವರ್ಕ್‌ಶಾಪಿನವರಿಗೆ ಕೊಡಿ. ಕೊಡುವಾಗ ಆಯಿಲಿನ ಡಬ್ಬಕ್ಕೆ ಬೆರೆಸದಂತೆ ಹೇಳಿ.